ಗೋವಾದಿಂದ ಮುಂಬೈಗೆ ಸ್ವಂತ ಬೋಟಿನಲ್ಲಿ: ಹೋಗಿ ಬಂದವರು ಹೇಳಿ

ಪ್ರಶ್ನೆ:
ಗೋವಾದಲ್ಲಿ 27 ಅಡಿಯ ಹಳೇ ಹಾಯಿ ಬೋಟ್ ಕೊಂಡಿದ್ದೇವೆ. ಸಣ್ಣ ಡೀಸೆಲ್ ಎಂಜಿನ್ ಇದೆ. ಮಾಂಡೋವಿ ನದಿಯಲ್ಲಿ ಓಡಿಸಿ ಕೈ ಪಳಗಿದೆ. ಈಗ ನಾನು, ಹೆಂಡತಿ, ಭಾವ ಸೇರಿ ಮುಂಬೈವರೆಗೆ ಹೋಗಬೇಕು ಅಂತಿದ್ದೇವೆ. ರಜೆ ಸಿಗುವುದು ಏಪ್ರಿಲ್‌ನಲ್ಲಿ. ಎಷ್ಟು ದಿನ ಬೇಕು? ರಾತ್ರಿ ಓಡಿಸಬಹುದಾ? ಎಲ್ಲೆಲ್ಲಿ ನಿಲ್ಲಬೇಕು?

ಕಾರವಾರದಿಂದ:
ಮೊದಲು ರಜೆ ಬದಲಾಯಿಸಿ. ಬೇಸಿಗೆಯಲ್ಲಿ ಮಧ್ಯಾಹ್ನದ ಗಾಳಿ ವಾಯವ್ಯದಿಂದ ಬರುತ್ತದೆ, ಅಂದರೆ ನೇರ ನಿಮ್ಮ ಮುಖಕ್ಕೆ. ಅಲೆ ಗಿಡ್ಡ, ಒತ್ತೊತ್ತು. ನಾನು ಒಮ್ಮೆ ಮಾರ್ಚ್ ಕೊನೆಯಲ್ಲಿ ಹೋಗಿ ವಿಜಯದುರ್ಗ ಕೋಟೆಯನ್ನು ಮೂರು ತಾಸು ನೋಡುತ್ತಾ ಕೂತಿದ್ದೆ. ಕೋಟೆ ಕದಲಲಿಲ್ಲ ಸರಿ, ನಾನೂ ಕದಲಲಿಲ್ಲ.

ಡಿಸೆಂಬರ್, ಜನವರಿಯಲ್ಲಿ ಹೋಗಿ. ಆಗ ರಾತ್ರಿಯಿಂದ ಬೆಳಗಿನ ತನಕ ದಡದ ಕಡೆಯಿಂದ ತಂಪು ಗಾಳಿ ಬೀಸುತ್ತದೆ, ಸಮುದ್ರ ಶಾಂತವಾಗಿರುತ್ತದೆ. ಹತ್ತು ಗಂಟೆ ಹೊತ್ತಿಗೆ ಗಾಳಿ ನಿಲ್ಲುತ್ತದೆ. ಮಧ್ಯಾಹ್ನದಿಂದ ಮತ್ತೆ ವಾಯವ್ಯದ್ದು ಶುರು. ಆ ತಿಂಗಳುಗಳಲ್ಲಿ ಕರಾವಳಿಯ ನೀರಿನ ಹರಿವೂ ಉತ್ತರದ ಕಡೆಗೇ, ಸ್ವಲ್ಪ ತಳ್ಳಿಕೊಡುತ್ತದೆ.

ಹಾಗಾದರೆ ರಾತ್ರಿಯೇ ಓಡಿಸೋಣ ಅನ್ನಿಸುತ್ತದೆ ಅಲ್ವಾ? ತೊಡಕು ಅಲ್ಲೇ ಇರುವುದು. ಒಳ್ಳೆ ಗಾಳಿಯ ಹೊತ್ತಿಗೇ ಬಲೆಗಳೂ ನೀರಿನಲ್ಲಿರುತ್ತವೆ. ನಾನು ಮಾಡುವುದು ಇಷ್ಟೇ: ಬೆಳಕು ಹರಿಯುತ್ತಲೇ ಲಂಗರು ಎತ್ತುತ್ತೇನೆ, ಊಟದ ಹೊತ್ತಿಗೆ ಮುಂದಿನ ಊರಲ್ಲಿ ಇಳಿಸುತ್ತೇನೆ. ಒಟ್ಟು ದೂರ ಸುಮಾರು 225 ನಾಟಿಕಲ್ ಮೈಲು (ಸಮುದ್ರದ ಮೈಲು, ಒಂದಕ್ಕೆ ಸುಮಾರು 1.85 ಕಿ.ಮೀ.). ಹತ್ತು ದಿನ ಇಟ್ಟುಕೊಳ್ಳಿ, ಅದರಲ್ಲಿ ಎರಡು ದಿನ ಸುಮ್ನೆ ಮಲಗುವುದಕ್ಕೆ.

ನಿಲ್ಲುವ ಜಾಗ ಹುಡುಕುವುದು ಕಷ್ಟವಲ್ಲ, ಕೋಟೆಗಳನ್ನು ನೋಡಿ. ಹಡಗು ನಿಲ್ಲುವ ಜಾಗ ಕಾಯುವುದಕ್ಕೇ ಅವನ್ನು ಕಟ್ಟಿದ್ದು. ಮಾಲ್ವಣ, ದೇವಗಡ, ವಿಜಯದುರ್ಗ, ರತ್ನಾಗಿರಿ, ಜಯಗಡ, ಹರ್ಣೈ, ಜಂಜೀರಾ, ಆಮೇಲೆ ಮುಂಬೈ. ಮೊದಲ ದಿನ ಉದ್ದ, ಪಣಜಿಯಿಂದ ಮಾಲ್ವಣಕ್ಕೇ ಹತ್ತಿರ ಹತ್ತಿರ 40 ಮೈಲು ಆಗುತ್ತದೆ. ದೇವಗಡದಿಂದ ವಿಜಯದುರ್ಗ ಹನ್ನೊಂದೇ ಮೈಲು, ಆದರೂ ಅಲ್ಲಿ ನಿಲ್ಲಿ. ವಾಘೋಟನ್ ನದಿಯ ಬಾಯಿ, ವಾಯವ್ಯ ಗಾಳಿಗೆ ಮರೆ. ಈ ದಾರಿಯಲ್ಲಿ ಅದಕ್ಕಿಂತ ನೆಮ್ಮದಿಯ ನಿದ್ದೆ ನನಗೆ ಎಲ್ಲೂ ಬಂದಿಲ್ಲ. ಮಾಲ್ವಣ ಮಾತ್ರ ಹುಷಾರು. ಅಲ್ಲಿನ ಸಿಂಧುದುರ್ಗ ಕೋಟೆಯ ಸುತ್ತ ಪೂರ್ತಿ ಬಂಡೆ. ಬಿಸಿಲು ಇರುವಾಗಲೇ ಒಳಗೆ ಬನ್ನಿ, ಒಬ್ಬರು ಮುಂದೆ ನಿಂತು ನೀರಿನ ಬಣ್ಣ ನೋಡುತ್ತಿರಲಿ.

ಬೆಂಗಳೂರಿನಿಂದ:
ನಾನು ಇದನ್ನು ಒಪ್ಪುವುದಿಲ್ಲ. ನಾವು ನಾಲ್ವರು ದಡದಿಂದ 25 ಮೈಲು ಹೊರಗೆ ಹೋಗಿ, ಎಲ್ಲೂ ನಿಲ್ಲದೆ ಎರಡು ಹಗಲು ಎರಡು ರಾತ್ರಿಯಲ್ಲಿ ಮುಟ್ಟಿದೆವು. ಹೊರಗೆ ಸಣ್ಣ ಬಲೆ ಕಡಿಮೆ. ಟ್ರಾಲರ್‌ಗಳು, ದೊಡ್ಡ ಹಡಗುಗಳು ಇರುತ್ತವೆ, ಆದರೆ ಅವುಗಳ ದೀಪ ದೂರದಿಂದಲೇ ಕಾಣುತ್ತದೆ. ಮೂವರೇ ಇದ್ದರೆ, ಅದರಲ್ಲಿ ಒಬ್ಬರಿಗೆ ವಾಂತಿ ಶುರುವಾದರೆ, ಆಗ ಕಾರವಾರದವರು ಹೇಳಿದ್ದೇ ಸರಿ.

ಮಲ್ಪೆಯಿಂದ:
ನಮ್ಮದು ಮೀನುಗಾರರ ಮನೆ. ಬಲೆಯ ಬಗ್ಗೆ ನಾನು ಹೇಳುತ್ತೇನೆ. ತೇಲುವ ಥರ್ಮಾಕೋಲ್ ತುಂಡು, ಖಾಲಿ ಕ್ಯಾನ್, ಕೋಲಿಗೆ ಕಟ್ಟಿದ ಬಟ್ಟೆ ಕಂಡರೆ ಅದು ಕಸ ಅಂದುಕೊಳ್ಳಬೇಡಿ. ಅದರ ಕೆಳಗೆ ಬಲೆ ಇದೆ. ಒಂದು ತುದಿಯಲ್ಲಿ ಬೆಂಡು, ಕಿಲೋಮೀಟರ್ ಆಚೆ ಇನ್ನೊಂದು ತುದಿಯಲ್ಲಿ ದೋಣಿ. ನಡುವೆ ನುಗ್ಗಬೇಡಿ. ದೋಣಿಯವರು ಟಾರ್ಚ್ ಬೀಸಿದರೆ ಅದು ನಮಸ್ಕಾರವಲ್ಲ, ಬೆಳಕು ತೋರಿಸಿದ ಕಡೆಯಿಂದ ಸುತ್ತಿ ಹೋಗಿ ಅಂತ.

ಬೋಟಿನ ಫ್ಯಾನಿಗೆ (ನೀರೊಳಗಿನ ಪ್ರೊಪೆಲ್ಲರ್) ಬಲೆ ಸಿಕ್ಕಿದರೆ ಎಂಜಿನ್ ಆಫ್ ಮಾಡಿ. ಹಿಂದೆ ಮುಂದೆ ಗೇರ್ ಹಾಕಿದರೆ ಇನ್ನೂ ಬಿಗಿಯುತ್ತದೆ. ಹಗ್ಗ ಕೊಯ್ಯುವ ಕತ್ತಿ ಕೈಗೆ ಸಿಗುವ ಹಾಗಿರಲಿ. ಬಲೆ ಹರಿದರೆ ಓಡಿ ಹೋಗಬೇಡಿ, ನಿಂತು ಮಾತಾಡಿ, ದುಡ್ಡು ಕೊಡಿ. ಅದು ಒಂದು ಮನೆಯ ಅನ್ನ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ, ಆದರೆ ಆಗ ಬಲೆ ಇಲ್ಲ ಅಂತ ನೀವು ಹೊರಡಬೇಡಿ ಮಾರಾಯ್ರೆ, ಮಳೆಗಾಲ!

ಧಾರವಾಡದಿಂದ:
ಗಂಡನ ಜೊತೆ ಹೋದವಳು ನಾನು, ಹೆಂಡತಿಗೆ ಇದನ್ನು ಓದಿಸಿ. ವಾಂತಿ ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಓಡುವಾಗ ಒಲೆ ಹಚ್ಚುವ ಆಸೆ ಬಿಡಿ. ಹಚ್ಚಿದ ಅವಲಕ್ಕಿ, ಬಾಳೆಹಣ್ಣು, ಶುಂಠಿ ಸಾಕು. ಬಂದರಿನಲ್ಲಿ ಡೀಸೆಲ್ ಸುಲಭವಾಗಿ ಸಿಗುತ್ತದೆ ಅಂದುಕೊಂಡಿದ್ದೆವು. ಆದದ್ದು ಏನೆಂದರೆ, ನಮ್ಮವರು ಕ್ಯಾನ್ ಹಿಡಿದು ಆಟೋದಲ್ಲಿ ಊರೊಳಗಿನ ಬಂಕಿಗೆ ಹೋದರು. ನಾನು ಬೋಟ್ ಕಾಯುತ್ತಾ ಕೂತೆ. ಅವತ್ತು ಜಗಳವೂ ಆಯಿತು.

ಮುಂಬೈ ಮಾಟುಂಗಾದಿಂದ:
ಕೊನೆಯ ದಿನದ ಮಾತು. ಗೋವಾದಲ್ಲಿ ಉಬ್ಬರ ಇಳಿತ ಎರಡು ಮೀಟರ್ ಆಸುಪಾಸು. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ನಾಲ್ಕೂವರೆ ಮೀಟರ್ ಮುಟ್ಟುತ್ತದೆ. ಇಳಿತದಲ್ಲಿ ಬಂದರೆ ನೀರು ಹೊರಗೆ ತಳ್ಳುತ್ತದೆ, ಸಣ್ಣ ಎಂಜಿನ್ ಸೋಲುತ್ತದೆ. ಮುಂಬೈಗಿಂತ ಸ್ವಲ್ಪ ದಕ್ಷಿಣಕ್ಕಿರುವ ಖಾಂದೇರಿ ದ್ವೀಪದ ಹತ್ತಿರ ಬರುವಾಗ ಉಬ್ಬರ ಶುರುವಾಗಿರುವಂತೆ ಹೊರಡುವ ಹೊತ್ತು ಲೆಕ್ಕ ಹಾಕಿ. ಕೊಲಾಬಾ ತುದಿಯಿಂದ ನೈಋತ್ಯಕ್ಕೆ ಬಂಡೆಗಳು ಚಾಚಿವೆ, ಪ್ರಾಂಗ್ಸ್ ದೀಪಸ್ತಂಭವನ್ನು ದೂರ ಇಟ್ಟೇ ತಿರುಗಿ. ದೊಡ್ಡ ಹಡಗಿನ ಕಾಲುವೆಯನ್ನು ಅಡ್ಡ ದಾಟುವುದಾದರೆ ನೇರವಾಗಿ, ಬೇಗ ದಾಟಿ.

ಗೇಟ್‌ವೇ ಆಫ್ ಇಂಡಿಯಾ ಮುಂದೆ ಹಗ್ಗ ಕಟ್ಟಿ ಇಳಿಯಬಹುದು ಅಂತ ಕನಸು ಕಾಣಬೇಡಿ, ಅಲ್ಲಿ ಫೆರಿಗಳ ಜಾತ್ರೆ. ಬೋಟ್ ನಿಲ್ಲಿಸುವ ಜಾಗದ ವಿಷಯ ಹೊರಡುವ ಮೊದಲೇ ಮಾತಾಡಿಕೊಳ್ಳಿ. 2008ರ ನವೆಂಬರ್ ದಾಳಿಯವರು ಸಮುದ್ರದಿಂದಲೇ ಬಂದವರು. ಅದಾದ ಮೇಲೆ ಗುರುತಿಲ್ಲದ ಬೋಟ್ ಕಂಡರೆ ತಡೆದು ಕೇಳುತ್ತಾರೆ. ನೋಂದಣಿ ಕಾಗದ, ಮೂವರ ಆಧಾರ್ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಡಿ. ನೌಕಾಪಡೆಯ ಹಡಗುಗಳ ಹತ್ತಿರ ಹೋಗಬೇಡಿ, ಫೋಟೋ ಬೇಡವೇ ಬೇಡ. ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093, ಎರಡನ್ನೂ ಚುಕ್ಕಾಣಿ ಪಕ್ಕದಲ್ಲಿ ಬರೆದು ಅಂಟಿಸಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಜನವರಿ ಅಂತ ಆಯಿತು. ಭಾವ ರಾತ್ರಿ ಓಡಿಸೋಣ ಅಂತಲೇ ಹಟ ಹಿಡಿದಿದ್ದಾರೆ, ಮಲ್ಪೆಯವರು ಬರೆದದ್ದನ್ನು ಓದಿಸಿದ್ದೇನೆ. ಹೆಂಡತಿ ಕೇಳುತ್ತಿದ್ದಾಳೆ: ಜಗಳ ಆದದ್ದು ಯಾವ ಊರಲ್ಲಿ?

ಧಾರವಾಡದಿಂದ:
ಹರ್ಣೈ. ಮೀನು ಮಾತ್ರ ಚೆನ್ನಾಗಿತ್ತು.