‘ಫ್ಲಾಟ್’ ಎಂದರೆ ಸಪಾಟು ಚಿತ್ರವೇ? ಗೆಲಾಕ್ಸಿ ಫೋಟೊಗ್ರಫಿಯ ಕೆಲವು ಪದಗಳು

ಪ್ರಶ್ನೆ: ಸಣ್ಣ ದೂರದರ್ಶಕದಲ್ಲಿ ಎಂ51 ಗೆಲಾಕ್ಸಿಯ ಫೋಟೊ ತೆಗೆಯುವ ಕ್ರಮವನ್ನು ಕನ್ನಡದಲ್ಲಿ ಬರೆಯುವಾಗ ಫ್ಲಾಟ್, ಡಾರ್ಕ್, ಸ್ಟ್ಯಾಕಿಂಗ್ ಇವಕ್ಕೆ ‘ಸಪಾಟು ಚಿತ್ರ’, ‘ಕಪ್ಪು ಚಿತ್ರ’, ‘ರಾಶಿ ಹಾಕುವುದು’ ಎಂದರೆ ಆದೀತೆ? ಸ್ಪೈರಲ್‌ಗೆ ಸುಳಿಯೋ, ಸುರುಳಿಯೋ?

ಉತ್ತರ: ಕೊನೆಯದು ಸುಲಭ. ಸುರುಳಿ ಎಂಬುದು ಆಕಾರ, ಸುಳಿ ಎಂಬುದು ನೀರಿನ ತಿರುಗಾಟ. ಗೆಲಾಕ್ಸಿಯ ಬಗೆಗೆ ‘ಸುರುಳಿ’ಯೇ ಸರಿ. ಎಂ51ಕ್ಕೆ ‘ವರ್ಲ್‌ಪೂಲ್’ ಎಂಬ ಅಡ್ಡಹೆಸರಿದೆ. ಆ ಹೆಸರಿಗಷ್ಟೇ ‘ಸುಳಿ’ ಒಪ್ಪುತ್ತದೆ. 1845ರಲ್ಲಿ ಲಾರ್ಡ್ ರಾಸ್ 6 ಅಡಿ ಅಗಲದ ದರ್ಪಣದಿಂದ ಮೊದಲು ಸುರುಳಿಯನ್ನು ಗುರುತಿಸಿದ್ದು ಇದರಲ್ಲೇ. ಆಗ ಇದನ್ನೂ ನೀಹಾರಿಕೆ ಎನ್ನುತ್ತಿದ್ದರು. ಈಗ ಆ ಪದ ಅನಿಲ, ಧೂಳಿನ ಮೋಡಕ್ಕೆ ಮೀಸಲು, ಇಲ್ಲಿ ಬಳಸಬೇಡಿ.

‘ಸಪಾಟು ಚಿತ್ರ’ ಓದುಗರನ್ನು ದಾರಿ ತಪ್ಪಿಸುತ್ತದೆ. ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಬಿಗಿದು, ನಸುಬೆಳಗಿನ ಆಕಾಶಕ್ಕೋ ಬೆಳಕಿನ ಹಲಗೆಗೋ ಹಿಡಿದು ತೆಗೆಯುವ ಚಿತ್ರವಿದು. ಚಿತ್ರವೇನೂ ಸಪಾಟಾಗಿರುವುದಿಲ್ಲ: ಮೂಲೆಗಳ ಮಬ್ಬು, ಧೂಳಿನ ಕಣಗಳ ಉಂಗುರ ಎಲ್ಲ ಅದರಲ್ಲಿ ಮೂಡಿರುತ್ತವೆ. ಸಮವಾಗಿರುವುದು ಒಳಬರುವ ಬೆಳಕು. ಹಾಗಾಗಿ ‘ಸಮಬೆಳಕಿನ ಚಿತ್ರ’ ಎನ್ನಿ. ಆ ಮಬ್ಬು, ಉಂಗುರ ಹೋಗಲೆಂದು ಗೆಲಾಕ್ಸಿಯ ಚಿತ್ರವನ್ನು ಇದರಿಂದ ಭಾಗಿಸುತ್ತಾರೆ, ಇದನ್ನು ಕಳೆಯುವುದಿಲ್ಲ. ಏಕೆಂದರೆ ಮೂಲೆಯಲ್ಲಿ ಬೆಳಕು ತಗ್ಗುವುದು ಇಂತಿಷ್ಟು ಪಾಲು ಎಂಬ ಲೆಕ್ಕದಲ್ಲಿ. ಗೆಲಾಕ್ಸಿಯ ಚಿತ್ರವಾದ ಮೇಲೆ, ಇದನ್ನು ತೆಗೆಯುವ ಮೊದಲು ಕ್ಯಾಮೆರಾ ತಿರುಗಿಸಿದರೆ ಉಂಗುರಗಳು ಜಾಗ ಬದಲಿಸಿ, ಹಳೆಯ ಕಲೆ ಹೋಗದೆ ಹೊಸದೂ ಸೇರುತ್ತದೆ.

ಡಾರ್ಕ್ ಅನ್ನು ಗೆಲಾಕ್ಸಿಯ ಚಿತ್ರದಿಂದ ಕಳೆಯಬೇಕು. ಮುಚ್ಚಳ ಹಾಕಿ, ಅದೇ ತಾಪಮಾನ, ಅದೇ ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ), ಅಷ್ಟೇ ಹೊತ್ತು ಇಟ್ಟು ತೆಗೆದರೆ ಸೆನ್ಸರ್ ತನ್ನ ಬಿಸಿಯಿಂದಲೇ ಹುಟ್ಟಿಸುವ ಸಂಕೇತ ಸಿಗುತ್ತದೆ. ‘ಕಪ್ಪು’ ಬರೀ ಬಣ್ಣ ಹೇಳುತ್ತದೆ, ‘ಮುಚ್ಚಳದ ಚಿತ್ರ’ ಕೆಲಸವನ್ನೇ ಹೇಳುತ್ತದೆ.

ರಾಶಿಗೆ ಕ್ರಮವಿಲ್ಲ, ಸ್ಟ್ಯಾಕಿಂಗ್‌ನಲ್ಲಿ ಕ್ರಮವೇ ಮುಖ್ಯ. ಒಂದೇ ಗೆಲಾಕ್ಸಿಯ ಹಲವು ಚಿತ್ರಗಳನ್ನು ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಹೊಂದಿಸಿ, ಆಮೇಲೆ ಸರಾಸರಿ ತೆಗೆಯುವುದಕ್ಕೆ ‘ಪೇರಿಸು’ ಚೆನ್ನ. 3 ನಿಮಿಷದ 16 ಚಿತ್ರ ಪೇರಿಸಿದರೆ ಗದ್ದಲ (ನಾಯ್ಸ್, ಅಂದರೆ ಚಿತ್ರದ ಒರಟು ಕಾಳುಕಾಳು) ಒಂದು ಚಿತ್ರದಲ್ಲಿದ್ದುದರ ಕಾಲು ಭಾಗಕ್ಕಿಳಿಯುತ್ತದೆ. ಇನ್ನೂ ಅರ್ಧಕ್ಕಿಳಿಸಲು 64 ಬೇಕು. ಮಸುಕಾದ ತೋಳುಗಳು ಕಾಣುವುದು ಆಗಲೇ.

ನೀವು ಕೇಳದ ಒಂದು ಪದ ಡಿದರಿಂಗ್. ಚಿತ್ರದಿಂದ ಚಿತ್ರಕ್ಕೆ ನೋಟವನ್ನು ಬೇಕೆಂದೇ ಕೆಲವು ಪಿಕ್ಸೆಲ್ ಆಚೀಚೆ ಸರಿಸುವುದು. ಇಲ್ಲದಿದ್ದರೆ ಸೆನ್ಸರ್‌ನ ದೋಷಗಳು ಪೇರಿಸಿದಾಗ ಗೀರುಗಳಾಗಿ ಉಳಿಯುತ್ತವೆ. ಇದನ್ನು ‘ಅಲುಗಾಟ’ ಎನ್ನಬಾರದು, ಅದು ಸ್ಟ್ಯಾಂಡಿನ ದೋಷದ ಹೆಸರು. ‘ಜರುಗಿಸು’ ಎನ್ನಬಹುದು. ಗೈಡಿಂಗ್‌ಗೆ ‘ಮಾರ್ಗದರ್ಶನ’ವೂ ಹೊಂದದು. 750 ಮಿಮೀ ಸಂಗಮದೂರಕ್ಕೆ 3.76 ಮೈಕ್ರಾನ್ ಪಿಕ್ಸೆಲ್ ಜೋಡಿಸಿದರೆ, ಹಿಂಬಾಲಿಸದೆ ಬಿಟ್ಟ ಒಂದೇ ಸೆಕೆಂಡಿನಲ್ಲಿ ಎಂ51 ಸುಮಾರು 10 ಪಿಕ್ಸೆಲ್ ಸರಿಯುತ್ತದೆ. ಸ್ಟ್ಯಾಂಡಿನ ಮೋಟರು ಅದನ್ನು ಹಿಂಬಾಲಿಸುತ್ತದೆ, ಎರಡನೆಯ ಕ್ಯಾಮೆರಾ ಒಂದು ನಕ್ಷತ್ರವನ್ನು ನೋಡುತ್ತ ಮೋಟರಿನ ತಪ್ಪನ್ನು ತಿದ್ದುತ್ತದೆ. ಮೊದಲನೆಯದು ‘ಹಿಂಬಾಲಿಕೆ’, ಎರಡನೆಯದು ‘ತಿದ್ದುಹಿಂಬಾಲಿಕೆ’. ಗೇನ್, ಫೋಕಸ್, ಪಿಕ್ಸೆಲ್ ಇದ್ದಂತೆಯೇ ಇರಲಿ.