ಬ್ರಾಡ್‌ವೇ ಥಿಯೇಟರ್‌ಗಳು ಬ್ರಾಡ್‌ವೇ ರಸ್ತೆಯಲ್ಲೇ ಯಾಕಿಲ್ಲ?

ಅಂಕಪರದೆ:
ನ್ಯೂಯಾರ್ಕಿನ ನಕ್ಷೆಯಲ್ಲಿ ಬ್ರಾಡ್‌ವೇ ಥಿಯೇಟರ್‌ಗಳನ್ನು ಗುರುತು ಹಾಕುತ್ತಾ ಹೋದರೆ ಹೆಚ್ಚಿನವು 44, 45, 46ನೇ ಅಡ್ಡಬೀದಿಗಳಲ್ಲಿ ಬೀಳುತ್ತವೆ. ಬ್ರಾಡ್‌ವೇ ರಸ್ತೆಗೇ ಬಾಗಿಲಿರುವವು ಬೆರಳೆಣಿಕೆಯಷ್ಟು. ಮತ್ತೆ ಆ ಹೆಸರು ಹೇಗೆ ಬಂತು? ಒಟ್ಟು 41 ಥಿಯೇಟರ್ ಎನ್ನುತ್ತಾರಲ್ಲ, ಅದು ಯಾವ ಲೆಕ್ಕ? ಅಷ್ಟು ದುಬಾರಿ ಜಾಗದಲ್ಲಿ ನೂರು ವರ್ಷ ಹಳೆಯ ಕಟ್ಟಡಗಳನ್ನು ಯಾರೂ ಕೆಡವದೆ ಬಿಟ್ಟದ್ದಾದರೂ ಹೇಗೆ? ನಾಟಕ ನೋಡಲು ಹೋಗುವವರಿಗೆ ಸೀಟಿನ ಬಗ್ಗೆ ಏನಾದರೂ ಸಲಹೆ ಇದ್ದರೆ ಅದನ್ನೂ ಹೇಳಿ.

ನೇಪಥ್ಯ:
ಹೆಸರು ಹಳೆಯದು, ಜಾಗ ಹೊಸದು. 19ನೇ ಶತಮಾನದಲ್ಲಿ ಥಿಯೇಟರ್‌ಗಳು ಯೂನಿಯನ್ ಸ್ಕ್ವೇರ್ ಸುತ್ತ ಇದ್ದವು. ಆಮೇಲೆ ಬ್ರಾಡ್‌ವೇ ರಸ್ತೆಯನ್ನೇ ಹಿಡಿದು ಉತ್ತರಕ್ಕೆ ಸರಿಯುತ್ತಾ ಹೆರಾಲ್ಡ್ ಸ್ಕ್ವೇರ್‌ಗೆ ಬಂದವು. ಆಸ್ಕರ್ ಹ್ಯಾಮರ್‌ಸ್ಟೈನ್ 1895ರಲ್ಲಿ ಲಾಂಗೇಕರ್ ಸ್ಕ್ವೇರ್‌ನಲ್ಲಿ ಒಲಿಂಪಿಯಾ ಥಿಯೇಟರ್ ಕಟ್ಟಿದಾಗ ಅದು ಕುದುರೆಗಾಡಿ ವ್ಯಾಪಾರದ ಜಾಗ. 1904ರಲ್ಲಿ ಸಬ್‌ವೇ ಬಂತು, ಅದೇ ವರ್ಷ ಚೌಕಕ್ಕೆ ಟೈಮ್ಸ್ ಸ್ಕ್ವೇರ್ ಎಂದು ಹೆಸರಾಯಿತು. ಜನ ಸುಲಭವಾಗಿ ಬಂದು ಹೋಗುವಂತಾದ ಮೇಲೆ ಥಿಯೇಟರ್‌ಗಳು ಅಲ್ಲೇ ಬೀಡುಬಿಟ್ಟವು.

ಅಡ್ಡಬೀದಿಗೆ ಹೋಗಿದ್ದು ಜಮೀನಿನ ಬೆಲೆಗಾಗಿ. ದೊಡ್ಡ ರಸ್ತೆಗೆ ಮುಖ ಮಾಡಿದ ನಿವೇಶನ ದುಬಾರಿ, ಒಳಗಿನ ಬೀದಿಯ ಹಳೇ ಮನೆಗಳು ಅಗ್ಗ. ಮುಖ ಬೇಕೇ ಬೇಕು ಎಂದವರು ಒಂದು ಉಪಾಯ ಮಾಡಿದರು. 1903ರ ನ್ಯೂ ಆಮ್‌ಸ್ಟರ್‌ಡ್ಯಾಮ್ ಥಿಯೇಟರಿನ ಬಾಗಿಲು 42ನೇ ಬೀದಿಯಲ್ಲಿ, ಪ್ರೇಕ್ಷಾಗೃಹ ಹಿಂದುಗಡೆ 41ನೇ ಬೀದಿಯ ಕಡೆಗೆ. ಇಂಪೀರಿಯಲ್‌ಗೂ 45ರಿಂದ ಉದ್ದದ ಓಣಿಯಲ್ಲಿ ನಡೆದು 46ರ ಕಡೆಗೆ ಹೋಗಬೇಕು.

ಇದರ ಪರಿಣಾಮ ಇವತ್ತಿಗೂ ಕಾಣುತ್ತದೆ. ಮ್ಯಾನ್‌ಹಟನ್‌ನಲ್ಲಿ ಎರಡು ಬೀದಿಗಳ ನಡುವೆ ಸುಮಾರು 200 ಅಡಿ. ಬೆನ್ನಿಗೆ ಬೆನ್ನು ಕೊಟ್ಟ ನಿವೇಶನಗಳಾದ್ದರಿಂದ ಒಂದೊಂದರ ಆಳ 100 ಅಡಿ. ಎಷ್ಟೋ ಕಡೆ ಲಾಬಿ, ಸೀಟು, ರಂಗ ಮೂರೂ ಅದರೊಳಗೇ ಆಗಬೇಕು. ಹಾಗಾಗಿ ಲಾಬಿ ಹಿಡಿಯಷ್ಟು, ಕ್ಯೂ ಫುಟ್‌ಪಾತ್ ಮೇಲೆ. ರಂಗದ ಅಕ್ಕಪಕ್ಕದ ಸೈಡ್ ವಿಂಗ್‌ನಲ್ಲೂ ಜಾಗ ಸಾಲದು, ಸೆಟ್‌ಗಳನ್ನು ಪಕ್ಕಕ್ಕೆ ತಳ್ಳುವ ಬದಲು ಮೇಲಕ್ಕೆ ಎಳೆದು ನೇತುಹಾಕುತ್ತಾರೆ. ಪ್ರೇಕ್ಷಾಗೃಹ ಅಗಲ ಹೆಚ್ಚು, ಉದ್ದ ಕಡಿಮೆ. ಕೊನೆಯ ಸಾಲಿನವರಿಗೂ ನಟರ ಮುಖ ಹತ್ತಿರ, ಆದರೆ ಅಂಚಿನಲ್ಲಿ ಕೂತವರಿಗೆ ರಂಗದ ಒಂದು ಮೂಲೆ ಕಾಣುವುದೇ ಇಲ್ಲ.

ಬ್ರಾಡ್‌ವೇ ರಸ್ತೆಯ ಮೇಲೇ ಇರುವ ಎರಡರ ಪೂರ್ವಾಶ್ರಮ ನೋಡಿ: ವಿಂಟರ್ ಗಾರ್ಡನ್ ಮೊದಲು ಕುದುರೆ ಮಾರುವ ಕಟ್ಟಡ, 1911ರಲ್ಲಿ ಥಿಯೇಟರ್ ಆಯಿತು. 53ನೇ ಬೀದಿಯ ಬ್ರಾಡ್‌ವೇ ಥಿಯೇಟರ್ 1924ರಲ್ಲಿ ಸಿನಿಮಾ ಮಂದಿರವಾಗಿ ಶುರುವಾಗಿದ್ದು.

ಅಡಿಲೆಕ್ಕ:
41ರ ಲೆಕ್ಕ ಹೇಳುತ್ತೇನೆ. ಇಲ್ಲಿ ಬೀದಿಗಿಂತ ಸೀಟಿನ ಸಂಖ್ಯೆ ಮುಖ್ಯ: 500 ಅಥವಾ ಹೆಚ್ಚು ಇದ್ದರೆ ಬ್ರಾಡ್‌ವೇ, 100ರಿಂದ 499 ಆಫ್-ಬ್ರಾಡ್‌ವೇ, ಅದಕ್ಕೂ ಕಡಿಮೆ ಇದ್ದರೆ ಆಫ್-ಆಫ್. ಕಲಾವಿದರ, ತಂತ್ರಜ್ಞರ ಸಂಘಗಳ ಒಪ್ಪಂದ ಇದಕ್ಕೆ ಅಂಟಿಕೊಂಡಿದೆ. ಅದಕ್ಕೇ 499 ಸೀಟಿಗೆ ನಿಂತ ಥಿಯೇಟರ್‌ಗಳು ಸಿಗುತ್ತವೆ. ಒಂದು ಸೀಟು ಹೆಚ್ಚಾದರೆ ಸಂಬಳದ ಪಟ್ಟಿಯೇ ಬದಲಾಗುತ್ತದೆ. 41ರಲ್ಲಿ 40 ಥಿಯೇಟರ್‌ಗಳು 41ರಿಂದ 54ನೇ ಬೀದಿಯೊಳಗೆ ಇವೆ, ಒಂದು ಮಾತ್ರ ಹೊರಗೆ: 65ನೇ ಬೀದಿಯ ವಿವಿಯನ್ ಬೋಮಾಂಟ್.

ಇನ್ನು 'ಯಾರೂ ಕೆಡವದೆ' ಎಂದಿರಿ. ಕೆಡವಿದ್ದಾರೆ ಸ್ವಾಮಿ! 1982ರಲ್ಲಿ ಒಂದು ಹೋಟೆಲಿಗಾಗಿ ಐದು ಥಿಯೇಟರ್ ಕಟ್ಟಡ ನೆಲಸಮವಾದವು, ಮೊರೊಸ್ಕೊ ಮತ್ತು ಅಂದಿನ ಹೆಲೆನ್ ಹೇಸ್ ಸೇರಿ. ಆ ಗಲಾಟೆಯಿಂದಲೇ 80ರ ದಶಕದಲ್ಲಿ ಸಾಲುಸಾಲಾಗಿ ಥಿಯೇಟರ್‌ಗಳಿಗೆ ಪಾರಂಪರಿಕ ಕಟ್ಟಡದ ರಕ್ಷಣೆ ಸಿಕ್ಕಿತು.

ಆದರೆ ಕಾನೂನು ಕೆಡವಬೇಡ ಎಂದರೆ ಸಾಲದು, ಮಾಲೀಕನಿಗೆ ದುಡ್ಡೂ ಹುಟ್ಟಬೇಕು. 1998ರ ನಿಯಮ ಕೆಲಸ ಮಾಡಿದ್ದು ಅಲ್ಲಿ. ಥಿಯೇಟರ್ ಎಂದರೆ ಗಿಡ್ಡ ಕಟ್ಟಡ, ಅದರ ಮೇಲೆ ಕಟ್ಟಬಹುದಾಗಿದ್ದ ಮಹಡಿಗಳ ಹಕ್ಕು ಹಾಗೇ ಉಳಿದಿರುತ್ತದೆ. ನಮ್ಮಲ್ಲಿನ ಟಿಡಿಆರ್ (ಬೇರೆಡೆಗೆ ವರ್ಗಾಯಿಸಬಹುದಾದ ಕಟ್ಟುವ ಹಕ್ಕು) ಜಾತಿಯದೇ. ಮೊದಲು ಅದನ್ನು ಅಕ್ಕಪಕ್ಕಕ್ಕೆ ಮಾತ್ರ ಮಾರಬಹುದಿತ್ತು, ಈಗ ಥಿಯೇಟರ್ ವಲಯದೊಳಗೆ ದೂರದ ನಿವೇಶನಕ್ಕೂ ಮಾರಬಹುದು. ಷರತ್ತು ಎರಡು: ಥಿಯೇಟರನ್ನು ಥಿಯೇಟರಾಗಿಯೇ ಉಳಿಸಬೇಕು, ಮಾರಿದ ಪ್ರತಿ ಚದರಡಿಗೆ ಇಷ್ಟೆಂದು ರಂಗಭೂಮಿಯ ನಿಧಿಗೆ ಕಟ್ಟಬೇಕು (ಶುರುವಿನಲ್ಲಿ 10 ಡಾಲರ್ ಇತ್ತು).

ವಿಪರೀತದ ಉದಾಹರಣೆ ಪ್ಯಾಲೇಸ್ ಥಿಯೇಟರ್. ಒಳಾಂಗಣ ಸಂರಕ್ಷಿತ, ಮುಟ್ಟುವಂತಿಲ್ಲ. 2022ರಲ್ಲಿ ಇಡೀ ಪ್ರೇಕ್ಷಾಗೃಹವನ್ನೇ ಜಾಕ್ ಕೊಟ್ಟು 30 ಅಡಿ ಮೇಲೆತ್ತಿ, ಕೆಳಗೆ ಅಂಗಡಿಗಳಿಗೆ ಜಾಗ ಮಾಡಿದರು.

ಮಾಲೀಕತ್ವವೂ ಕೆಲವರ ಕೈಯಲ್ಲೇ ಇದೆ: ಶೂಬರ್ಟ್ ಒಂದೇ ಸಂಸ್ಥೆಗೆ 17. ಬಾಡಿಗೆಯ ಜೊತೆ ವಾರದ ಗಲ್ಲಾದಲ್ಲೂ ಪಾಲು ಪಡೆಯುತ್ತಾರೆ. ಕರಾರಿನಲ್ಲಿ 'ಸ್ಟಾಪ್ ಕ್ಲಾಜ್' ಎಂಬ ಷರತ್ತು ಇರುತ್ತದೆ. ಗಲ್ಲಾ ಸತತ ಎರಡು ವಾರ ಗೊತ್ತುಮಾಡಿದ ಮೊತ್ತಕ್ಕಿಂತ ಇಳಿದರೆ ನಾಟಕ ಎತ್ತಂಗಡಿ ಮಾಡಿಸಬಹುದು. ಚೆನ್ನಾಗಿದ್ದ ನಾಟಕ ಏಕಾಏಕಿ ನಿಂತಾಗ ವಿಮರ್ಶೆಯನ್ನು ಬೈಯುವ ಮೊದಲು ಇದನ್ನು ಗಮನಿಸಿ.

ಕೊನೆಸಾಲು:
ಸೀಟಿನ ವಿಷಯಕ್ಕೆ ಬರೋಣ. ತುಂಬಾ ಜನ ಎಡವುವುದು ಸಂಖ್ಯೆಯಲ್ಲಿ. ರಂಗಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಬೆಸ (1, 3, 5), ಬಲಗಡೆ ಸಮ (2, 4, 6), ನಡುವಿನ ಭಾಗ 101, 102 ಎಂದು ಸಾಲಾಗಿ. ಅಂದರೆ ಜೋಡಿ ಸೀಟು ಬೇಕಿದ್ದರೆ 2 ಮತ್ತು 4. 1 ಮತ್ತು 2 ತೆಗೆದುಕೊಂಡರೆ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಧ್ಯೆ ಒಂದಿಡೀ ಊರು. ಪಕ್ಕದ ಭಾಗಗಳಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ನಡುವಿಗೆ ಹತ್ತಿರ, ದೊಡ್ಡದಾದಷ್ಟೂ ನೇಪಥ್ಯ ಹೇಳಿದ ಆ ಅಂಚು.

ನೆಲಮಟ್ಟದ ಹಿಂದಿನ ಸಾಲುಗಳಿಗೆ ಬಾಲ್ಕನಿ ಚಾಚಿಕೊಂಡು ಸೆಟ್‌ನ ಮೇಲ್ಭಾಗ ಕತ್ತರಿಸಿಹೋಗುತ್ತದೆ. ಕುಣಿತ ಹೆಚ್ಚಿರುವ ಸಂಗೀತ ನಾಟಕಕ್ಕೆ ಅದಕ್ಕಿಂತ ಬಾಲ್ಕನಿಯ ಮೊದಲ ಸಾಲುಗಳೇ ವಾಸಿ. ಮಂಡಿನೋವಿನವರು ಮಾತ್ರ ಕೆಳಗೇ ತೆಗೆದುಕೊಳ್ಳಿ, ಹಳೆಯ ಕಟ್ಟಡಗಳಲ್ಲಿ ಮೇಲಕ್ಕೆ ಸಾಮಾನ್ಯವಾಗಿ ಲಿಫ್ಟ್ ಇಲ್ಲ.

ಅಗ್ಗದ ಟಿಕೆಟ್ ಬೇಕಿದ್ದರೆ ಟೈಮ್ಸ್ ಸ್ಕ್ವೇರ್‌ನ ಕೆಂಪು ಮೆಟ್ಟಿಲ ಕೆಳಗೆ ಟಿಕೆಟಿಎಸ್ ಕೌಂಟರ್ ಇದೆ. 1973ರಿಂದ ಇರುವ ವ್ಯವಸ್ಥೆ. ಅದೇ ದಿನದ ಉಳಿಕೆ ಟಿಕೆಟ್, ಸಾಮಾನ್ಯವಾಗಿ ಶೇ 20ರಿಂದ 50 ಕಡಿತ. ಸಂಗೀತವಿಲ್ಲದ ನಾಟಕಗಳಿಗೆ ಅಲ್ಲಿ ಬೇರೆ ಕಿಟಕಿ, ಅದರ ಕ್ಯೂ ಸಾಮಾನ್ಯವಾಗಿ ಚಿಕ್ಕದು.

ಅಂಕಪರದೆ:
41ರ ಗೋಜು ಬಿಡಿಸಿದ್ದಕ್ಕೆ ವಂದನೆ. ಸೋಮವಾರವೊಂದೇ ಬಿಡುವಿದ್ದರೆ ಏನಾದರೂ ಸಿಗುತ್ತದೆಯೇ?

ಕೊನೆಸಾಲು:
ಕಷ್ಟ. ವಾರಕ್ಕೆ ಎಂಟು ಪ್ರದರ್ಶನ, ಹೆಚ್ಚಿನವಕ್ಕೆ ಸೋಮವಾರವೇ ರಜೆ. ಕೆಲವು ನಡೆಯುತ್ತವೆ, ಆಯಾ ನಾಟಕದ ವೇಳಾಪಟ್ಟಿ ನೋಡಿಯೇ ಹೊರಡಿ. ಬುಧವಾರ ಮಧ್ಯಾಹ್ನ ಸಾಧ್ಯವಾದರೆ ಒಳ್ಳೆಯದು, ಹಲವು ನಾಟಕಗಳಿಗೆ ಅಂದು ಮಧ್ಯಾಹ್ನದ ಆಟವೂ ಇರುತ್ತದೆ. ತಡವಾಗಿ ಬಂದರೆ ಸರಿಯಾದ ಘಟ್ಟ ಬರುವವರೆಗೆ ಹಿಂದೆ ನಿಲ್ಲಿಸುತ್ತಾರೆ. ಮಧ್ಯಂತರ 15 ನಿಮಿಷ, ಶೌಚಾಲಯ ಕಡಿಮೆ, ದೀಪ ಹತ್ತಿದ ಕೂಡಲೇ ಏಳಿ.