ಕ್ಯಾಂಪಿಂಗ್‌ಗೆ ಯಾವ ಗರಗಸ? ಪ್ರಜ್ವಲ್‌ಗೆ ಉತ್ತರ

ಪ್ರಜ್ವಲಾ, ನಿನ್ನ ಮೆಸೇಜ್ ನೋಡಿದೆ ಕಣೋ. ಸಕಲೇಶಪುರದ ಎಸ್ಟೇಟ್‌ನಲ್ಲಿ ಎರಡು ರಾತ್ರಿ ಟೆಂಟ್, ಸೌದೆ ನೀವೇ ಕೊಯ್ಕೋಬೇಕು, ಸಾವಿರ ರೂಪಾಯಿ ಒಳಗೆ ಗರಗಸ ಬೇಕು, ತಂತಿ ಗರಗಸ ಸಾಕಾ ಅಂತ ಕೇಳಿದ್ದೀಯ.

ತಂತಿದು ಬೇಡ. ಎರಡು ಉಂಗುರ, ನಡುವೆ ಹೊಸೆದ ತಂತಿ, ಜೇಬಲ್ಲಿ ಹಿಡಿಸುತ್ತೆ ನಿಜ. ಆದ್ರೆ ಎರಡೂ ಕೈ ಹತ್ತಿರ ಬಂದ ಹಾಗೆ ತಂತಿ ಕೊಂಬೆ ಸುತ್ತ ಗಟ್ಟಿಯಾಗಿ ಬಾಗಿ, ಬಿಸಿಯಾಗಿ ತುಂಡಾಗುತ್ತೆ. ಮಡಚೋ ಗರಗಸ ತಗೋ. ಅಲಗು 18ರಿಂದ 20 ಸೆಂಟಿಮೀಟರ್ ಇರಲಿ. ಕೊಯ್ಯೋ ಮರದ ದಪ್ಪಕ್ಕಿಂತ ಅಲಗು ಎರಡು ಪಟ್ಟು ಉದ್ದ ಇದ್ರೆ ಎಳೆದಾಗ ಹೊಟ್ಟು ಹೊರಗೆ ಬೀಳುತ್ತೆ, ಇಲ್ಲಾಂದ್ರೆ ಒಳಗೇ ತುಂಬ್ಕೊಂಡು ಅಲಗು ಜಾರೋಕೆ ಶುರುವಾಗುತ್ತೆ. 10 ಸೆಂಟಿಮೀಟರ್ ದಪ್ಪದವರೆಗೂ ಆರಾಮಾಗಿ ಆಗುತ್ತೆ. ಅಡುಗೆ ಬೆಂಕಿಗೆ ಮಣಿಕಟ್ಟು ದಪ್ಪದ ಸೌದೆ ಸಾಕಪ್ಪ.

ಹಲ್ಲು ಇಂಚಿಗೆ 6ರಿಂದ 8 ಇರಬೇಕು. ಕಬ್ಬಿಣ ಕೊಯ್ಯೋ ಹ್ಯಾಕ್ಸಾ ಬ್ಲೇಡಲ್ಲಿ 18, 24 ಇರುತ್ತೆ, ಹಸಿ ಮರಕ್ಕೆ ಇಟ್ರೆ ಹಲ್ಲಿನ ಸಂದು ಆಗಲೇ ಮುಚ್ಚಿಹೋಗುತ್ತೆ. ಬಾಹ್ಕೋ ಕಂಪನಿಯ ಲ್ಯಾಪ್ಲಾಂಡರ್ ಅಂತ ಒಂದು ಮಡಚೋ ಗರಗಸ ಇದೆ, 19 ಸೆಂಟಿಮೀಟರ್ ಅಲಗು, ಇಂಚಿಗೆ 7 ಹಲ್ಲು. ಅದನ್ನೇ ಕೊಳ್ಳಬೇಕು ಅಂತಲ್ಲ, ಆ ಅಳತೆ ತಲೇಲಿಟ್ಕೊಂಡು ಅಂಗಡೀಲಿ ನೋಡು. ಹಲ್ಲಿನ ತುದಿ ಮಾತ್ರ ನೀಲಿ-ಕಪ್ಪಗಿದ್ರೆ ಅದನ್ನ ಕಾಯಿಸಿ ಗಡುಸು ಮಾಡಿದ್ದಾರೆ ಅಂತ. ಬಹಳ ದಿನ ಚೂಪಾಗಿರುತ್ತೆ, ಆದ್ರೆ ಮೊಂಡಾದ ಮೇಲೆ ಅರ ಹಾಕಿದ್ರೂ ಹತ್ತಲ್ಲ, ಅಲಗೇ ಬದಲಾಯಿಸಬೇಕು. ಅದಕ್ಕೇ ಕೀಲಲ್ಲಿ ಬಿಚ್ಚೋಕಾಗದ ರಿವೆಟ್ ಇರೋದು ಬಿಟ್ಟು ಬೋಲ್ಟ್ ಇರೋದನ್ನ ಆರಿಸು.

ದುಡ್ಡು ಕೊಡೋಕೆ ಮುಂಚೆ ಲಾಕ್ ನೋಡಲೇಬೇಕು. ಅಲಗು ಬಿಡಿಸಿ, ಟಕ್ ಅಂತ ಕೂತ ಮೇಲೆ ಬೆನ್ನು ಹಿಡಿದು ಮಡಚೋ ಕಡೆಗೆ ಒತ್ತು. ಪಕ್ಕಕ್ಕೆ ಸ್ವಲ್ಪ ಅಲ್ಲಾಡಿದ್ರೆ ಬೋಲ್ಟ್ ಬಿಗಿ ಮಾಡಬಹುದು. ಲಾಕೇ ಜಾರಿದ್ರೆ ವಾಪಸ್ ಕೊಡು, ಕೆಲಸದ ಮಧ್ಯೆ ಅದು ಬೆರಳ ಮೇಲೇ ಮುಚ್ಚಿಕೊಳ್ಳುತ್ತೆ.

ಕೊಯ್ಯೋವಾಗ ಎಳೆಯೋದಕ್ಕೆ ಮಾತ್ರ ಬಲ ಹಾಕು. ತೆಳು ಅಲಗು ದಬ್ಬಿದ್ರೆ ಬಾಗುತ್ತೆ. ಮೊದಲು ಹಿಡಿ ಹತ್ತಿರದ ಹಲ್ಲಿಂದ ಮೂರ್ನಾಲ್ಕು ಸಲ ಹಗುರವಾಗಿ ಎಳೆದು ಅಲಗು ಕೂರೋಕೆ ಸಣ್ಣ ಕಚ್ಚು ಮಾಡ್ಕೋ. ಕೈ ಕೊಯ್ದುಕೊಳ್ಳೋದು ಹೆಚ್ಚಾಗಿ ಈ ಹೊತ್ತಲ್ಲೇ, ಅಲಗು ಎಗರುತ್ತೆ. ಇನ್ನೊಂದು ಕೈ ಒಂದು ಗೇಣು ದೂರ ಇರಲಿ, ಅದಕ್ಕೆ ಚರ್ಮದ ಗ್ಲೌಸ್ ಹಾಕು. ಕೊಂಬೆಯ ಎರಡು ತುದಿ ಕಲ್ಲ ಮೇಲಿಟ್ಟು ನಡುವೆ ಕೊಯ್ಯಬೇಡ, ಕೊಂಬೆ ಕೆಳಗೆ ಕುಸಿದು ಕೊಯ್ದ ಸಂದಿನ ಬಾಯಿ ಮುಚ್ಚಿ ಅಲಗು ಕಚ್ಚಿಕೊಳ್ಳುತ್ತೆ. ತುದಿ ಕಲ್ಲಿನಿಂದ ಆಚೆ ಚಾಚಿಸಿ ಅಲ್ಲಿ ಕೊಯ್ದರೆ ತುಂಡು ತಾನೇ ಜೋತು ಬಾಯಿ ತೆರೆದುಕೊಳ್ಳುತ್ತೆ.

ಎಸ್ಟೇಟಿನವರು ತೋರಿಸಿದ ಒಣಗಿ ಬಿದ್ದ ಸಿಲ್ವರ್ ಓಕ್, ಕಿತ್ತು ಹಾಕಿದ ಹಳೇ ಕಾಫಿ ಗಿಡ, ಅಷ್ಟೇ ಮುಟ್ಟಿ. ಕಾಫಿ ಮರ ಗಟ್ಟಿ, ಕೆಂಡ ಚೆನ್ನಾಗಿ ನಿಲ್ಲುತ್ತೆ. ಬೇಲಿ ಆಚೆ ಮೀಸಲು ಅರಣ್ಯ ಇದ್ರೆ ಅಲ್ಲಿಗೆ ಗರಗಸ ತಗೊಂಡು ಹೋಗಲೇಬೇಡ, 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಲ್ಲಿ ಮರ ಕಡಿಯೋದು ಅಪರಾಧ.

ವಾಪಸ್ ಬಂದ ಮೇಲೆ ಅಂಟಿದ ಸೊನೆ ಸೀಮೆಎಣ್ಣೆ ಬಟ್ಟೇಲಿ ಒರೆಸಿ, ಒಣಗಿಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿಯೇ ಮಡಚು. ಒದ್ದೆಯಾಗೇ ಮಡಚಿಟ್ರೆ ಕೀಲು ತುಕ್ಕು ಹಿಡಿದು ಕೂತ್ಕೊಳ್ಳುತ್ತೆ. ಅಂಗಡೀಲಿ ಎರಡು ಮೂರು ಇದ್ರೆ ಹಲ್ಲು, ಕೀಲು ಎರಡೂ ಕಾಣೋ ಹಾಗೆ ಫೋಟೋ ಇಲ್ಲೇ ಹಾಕು, ನೋಡಿ ಹೇಳ್ತೀನಿ.